ಕೋಳಿ ಕುಂಟುತ್ತಿದೆಯೇ? ಅಂಗಾಲು ತಿರುಗಿಸಿ ನೋಡಿ

ಆರಿದ್ರಾ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಂಗಳದ ಕೋಳಿಗಳ ಕಾಲು ಒಣಗುವುದೇ ಇಲ್ಲ. ಹಗಲು ಕೆಸರು, ರಾತ್ರಿ ಗೂಡಿನ ಒದ್ದೆ ನೆಲ. ನೆಂದು ಮೆತ್ತಗಾದ ಅಂಗಾಲಿಗೆ ಸಣ್ಣ ಮುಳ್ಳು ಚುಚ್ಚಿದರೂ ಸಾಕು, ಚರ್ಮದ ಮೇಲೆ ಸದಾ ಇರುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಒಳಗೆ ಸೇರಿಕೊಳ್ಳುತ್ತದೆ. ವಾರದೊಳಗೆ ಬೆರಳುಗಳು ಕೂಡುವ ಜಾಗದ ಮೆತ್ತೆ ಊದಿ, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಹಳ್ಳಿಯಲ್ಲಿ ಇದನ್ನು ಆಣಿ ಎಂದು ಬಿಟ್ಟುಬಿಡುವವರೇ ಹೆಚ್ಚು. ಪಶುವೈದ್ಯರು ಬಂಬಲ್‌ಫುಟ್ ಎನ್ನುತ್ತಾರೆ. ಬೇಗ ಕಂಡುಹಿಡಿದರೆ ಮನೆಯಲ್ಲೇ ವಾಸಿ ಮಾಡಬಹುದು. ತಡವಾದರೆ ಸೋಂಕು ಸ್ನಾಯುವಿಗೆ, ಮೂಳೆಗೆ ಇಳಿಯುತ್ತದೆ.

ಗಿರಿರಾಜದಂಥ ಭಾರದ ತಳಿಗಳಲ್ಲಿ ಇದು ನಾಟಿ ಕೋಳಿಗಿಂತ ಹೆಚ್ಚು. ಮೈತೂಕವೆಲ್ಲ ಅದೇ ಮೆತ್ತೆಯ ಮೇಲೆ ಬೀಳುತ್ತದೆ, ಎತ್ತರದಿಂದ ಹಾರಿ ಇಳಿಯುವಾಗಲಂತೂ ಇನ್ನೂ ಜಾಸ್ತಿ.

ಮೊದಲು ಇದು ಹುಣ್ಣೇ ಹೌದೇ ನೋಡಿ

ಕುಂಟುವ ಕೋಳಿಗೆಲ್ಲ ಅಂಗಾಲಿನ ಹುಣ್ಣು ಇರುವುದಿಲ್ಲ. ಕಾಲಿನ ಹುರುಪೆಗಳು ಎದ್ದು, ಬೆಳ್ಳಗೆ ಒರಟಾಗಿದ್ದರೆ ಅದು ಕಜ್ಜಿ ನುಸಿ. ಕಾಲನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ವಾರಕ್ಕೆರಡು ಬಾರಿ ವ್ಯಾಸಲಿನ್ ದಪ್ಪಗೆ ಹಚ್ಚುತ್ತಿದ್ದರೆ ನುಸಿ ಉಸಿರುಕಟ್ಟಿ ಸಾಯುತ್ತದೆ. ಬೆರಳೊಂದೇ ಊದಿ ಕೆಂಪಾಗಿದ್ದರೆ ದಾರ, ತಲೆಗೂದಲು, ಗೊಬ್ಬರದ ಚೀಲದ ಎಳೆ ಸುತ್ತಿಕೊಂಡಿದೆಯೇ ನೋಡಿ. ಊತದ ಮಡಿಕೆಯೊಳಗೆ ಎಳೆ ಮುಚ್ಚಿಹೋಗಿರುತ್ತದೆ, ಬೆಳಕಿಗೆ ಹಿಡಿಯದೆ ಕಾಣುವುದಿಲ್ಲ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದಿರುವ ಎಳೆಯ ಕೋಳಿಯಾಗಲಿ, ಒಟ್ಟಿಗೇ ನಾಲ್ಕಾರು ಕೋಳಿ ಕುಂಟುವುದಾಗಲಿ ಬೇರೆ ಕಾಯಿಲೆಯ ಲಕ್ಷಣ. ಅಲ್ಲಿ ಮನೆಮದ್ದು ಬೇಡ.

ಜೋಡಿಸಿಕೊಳ್ಳಬೇಕಾದ್ದು

ಬಿಸಾಡುವ ಕೈಗವಸು, ಸಣ್ಣ ಬೇಸಿನ್, ಹಳೆಯ ಟವೆಲ್, ಗಾಜ್ ಬಟ್ಟೆ, ಮೊಂಡು ತುದಿಯ ಚಿಮಟ, ಔಷಧಿ ಅಂಗಡಿಯ 5% ಪೊವಿಡೋನ್ ಅಯೋಡಿನ್ ದ್ರಾವಣ ಮತ್ತು ಅದೇ ಮುಲಾಮು, 1 ಸೆಂ.ಮೀ. ಅಗಲದ ಬಟ್ಟೆ ಪಟ್ಟಿ, ಅಂಟುಟೇಪು. ಜೊತೆಗೆ ಎಪ್ಸಮ್ ಸಾಲ್ಟ್. ಇದು ಮೆಗ್ನೀಸಿಯಂ ಸಲ್ಫೇಟ್ ತಾನೇ, ತೋಟಕ್ಕೆ ತಂದ ಚೀಲ ಮನೆಯಲ್ಲೇ ಇದೆಯಲ್ಲ ಎಂದು ಅದನ್ನು ಬಳಸಬೇಡಿ. ಗೊಬ್ಬರದ ದರ್ಜೆಯದರಲ್ಲಿ ಬೇರೇನು ಬೆರೆತಿದೆಯೋ ಗೊತ್ತಾಗದು. ಔಷಧಿ ಅಂಗಡಿಯದೇ ಇರಲಿ. ಸಿಗದಿದ್ದರೆ ಅಡುಗೆ ಉಪ್ಪೂ ನಡೆಯುತ್ತದೆ.

ಮೈಲುತುತ್ತದ ಮಾತು ಇಲ್ಲೇ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೂ ಕೋಳಿಗೆ ಹುಣ್ಣಾಗುವ ಕಾಲಕ್ಕೂ ಸರಿಹೊಂದುತ್ತದೆ, ಕೊಟ್ಟಿಗೆಯಲ್ಲಿ ದನದ ಗೊರಸಿಗೂ ಅದನ್ನು ಹಾಕುವ ರೂಢಿಯಿದೆ. ಕೋಳಿಗೆ ಬೇಡ. ಹಸಿ ಮಾಂಸವನ್ನು ಸುಡುತ್ತದೆ, ಕೋಳಿ ಕಾಲನ್ನು ಕುಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಸೀಮೆಎಣ್ಣೆ, ಟರ್ಪೆಂಟೈನ್, ಸುಣ್ಣಕ್ಕೂ ಇದೇ ಮಾತು. ಅರಿಶಿನ ಎಣ್ಣೆ ಅಪಾಯವಲ್ಲ, ಆದರೆ ಹಕ್ಕಳೆಯ ಕೆಳಗೆ ಇಳಿಯುವುದಿಲ್ಲ. ಮೇಲೆ ಹಳದಿ ಬಳಿದು ಒಳಗಿನದು ಮುಚ್ಚಿಹೋಗುತ್ತದೆ, ಅಷ್ಟೇ.

ಹಿಡಿದು ನೆನೆಸುವುದು

ಕತ್ತಲಾದ ಮೇಲೆ ಗೂಡಿನಿಂದ ಎತ್ತಿಕೊಂಡರೆ ಓಡಾಟ, ರೆಕ್ಕೆ ಬಡಿತ ಇಲ್ಲ. ರೆಕ್ಕೆ ಸಮೇತ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಎದೆ ಒತ್ತಬೇಡಿ. ಕೋಳಿಗೆ ನಮ್ಮ ಹಾಗೆ ಎದೆ, ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯು ಪರದೆ (ವಪೆ) ಇಲ್ಲ, ಎದೆಮೂಳೆ ಏರಿಳಿದರೇ ಉಸಿರು. ಬಿಗಿಯಾಗಿ ಹಿಡಿದರೂ, ತಲೆಕೆಳಗೆ ತೂಗಿದರೂ ಉಸಿರಾಟಕ್ಕೆ ತೊಂದರೆ.

ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ ಎಪ್ಸಮ್ ಸಾಲ್ಟ್. ಅಡುಗೆ ಉಪ್ಪಾದರೆ ಒಂದೂವರೆ ಟೀ ಚಮಚ ಸಾಕು. ಮೊಣಕೈ ಅದ್ದಿದಾಗ ಹಿತವೆನಿಸುವಷ್ಟೇ ಬಿಸಿ ಇರಲಿ. ಪಾದ ಮುಳುಗಿಸಿ 10ರಿಂದ 15 ನಿಮಿಷ ನಿಲ್ಲಿಸಿ. ಈ ನೀರನ್ನು ಕೋಳಿ ಕುಡಿಯದಂತೆ ನೋಡಿಕೊಳ್ಳಿ, ಎಪ್ಸಮ್ ಸಾಲ್ಟ್ ಭೇದಿ ಮಾಡಿಸುತ್ತದೆ.

ಈಗ ಹಕ್ಕಳೆ ಮೆತ್ತಗಾಗಿರುತ್ತದೆ. ಅಂಚನ್ನು ಚಿಮಟದಿಂದ ಮೆಲ್ಲಗೆ ಎತ್ತಿ ನೋಡಿ. ತಾನಾಗಿ ಬಂದರೆ ತೆಗೆಯಿರಿ. ಬಿಗಿಯಾಗಿದ್ದರೆ ಬಿಡಿ, ನಾಳೆ ಮತ್ತೆ ನೆನೆಸಿ. ಹಕ್ಕಿಗಳ ಕೀವು ನಮ್ಮದರಂತೆ ಹರಿಯುವುದಿಲ್ಲ, ಒಣಗಿದ ಗಿಣ್ಣಿನ ಚೂರಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಕೀವನ್ನು ಕರಗಿಸುವ ಕಿಣ್ವ ಅವುಗಳ ರಕ್ತಕಣಗಳಲ್ಲಿ ಕಡಿಮೆ. ಆದ್ದರಿಂದ ಹಿಂಡಿದರೆ ಹೊರಬಾರದು, ಒಳಕ್ಕೇ ಹರಡುತ್ತದೆ. ಹಕ್ಕಳೆಯ ಜೊತೆಗೆ ಹಳದಿ ತಿರುಳೂ ಎದ್ದು ಬಂದರೆ ಅದೃಷ್ಟ. ಬ್ಲೇಡಿನಿಂದ ಕೊಯ್ದು ತೆಗೆಯುವ ವೀಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಅಂಗಾಲಿನಲ್ಲಿ ನರ, ಸ್ನಾಯು, ರಕ್ತನಾಳ ಒತ್ತೊತ್ತಾಗಿವೆ. ಅರಿವಳಿಕೆ ಇಲ್ಲದೆ ಕೊಯ್ಯುವುದು ಕೋಳಿಗೆ ಹಿಂಸೆಯೇ ಹೊರತು ಚಿಕಿತ್ಸೆಯಲ್ಲ.

ತೊಳೆದು ಕಟ್ಟುವುದು

100 ಮಿ.ಲೀ. ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಪೊವಿಡೋನ್ ಅಯೋಡಿನ್ ಬೆರೆಸಿ ಗಾಯ ತೊಳೆಯಿರಿ. ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಿ, ಬೆರಳ ಸಂದುಗಳನ್ನೂ ಸೇರಿಸಿ. ಮುಲಾಮು ತೆಳ್ಳಗೆ ಹಚ್ಚಿ. ನೋವು ಮರೆಸುವ ಅರಿವಳಿಕೆ ಬೆರೆತ ಮುಲಾಮು ಬೇಡ, ಹಕ್ಕಿಗಳಿಗೆ ಅದು ಸುಲಭವಾಗಿ ವಿಷವಾಗಬಹುದು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರಿಸಿ ಕೆಲಸ ಮಾಡಿದಂತೆ ಕಾಣುತ್ತದೆ, ದಿನಾ ಹಾಕಿದರೆ ಹೊಸ ಚರ್ಮ ಬರಲು ಬಿಡುವುದಿಲ್ಲ.

ಗಾಜ್ ಬಟ್ಟೆಯನ್ನು ಎರಡು ಸೆಂ.ಮೀ. ಚೌಕಕ್ಕೆ ನಾಲ್ಕು ಪದರ ಮಡಿಸಿ ಹುಣ್ಣಿನ ಮೇಲಿಡಿ. ಪಟ್ಟಿಯ ತುದಿಯನ್ನು ಕಣಕಾಲಿಗೆ ಒಂದು ಸುತ್ತು ಹಾಕಿ, ಅಂಗಾಲಿನ ಮೇಲಿಂದ ಮೊದಲ ಎರಡು ಬೆರಳ ನಡುವೆ ತಂದು, ಪಾದದ ಮೇಲ್ಭಾಗದಿಂದ ಮತ್ತೆ ಕಣಕಾಲಿಗೆ. ಮುಂದಿನ ಸುತ್ತು ಇನ್ನೊಂದು ಸಂದಿನಿಂದ. ಕೊನೆಗೆ ಟೇಪು. ಕಟ್ಟು ಕಳಚುವುದಕ್ಕಿಂತ ಬಿಗಿಯಾಗಿ ಕೆಡುವುದೇ ಹೆಚ್ಚು. ಒಂದು ಗಂಟೆ ಬಿಟ್ಟು ಬೆರಳುಗಳನ್ನು ಮುಟ್ಟಿ ನೋಡಿ. ತಣ್ಣಗಾಗಿದ್ದರೆ, ಊದಿದ್ದರೆ, ಬಣ್ಣ ಕಪ್ಪಾಗುತ್ತಿದ್ದರೆ ತಕ್ಷಣ ಬಿಚ್ಚಿ ಸಡಿಲವಾಗಿ ಕಟ್ಟಿ.

ಮೊದಲ ಮೂರು ದಿನ ನಿತ್ಯ, ಆಮೇಲೆ ದಿನ ಬಿಟ್ಟು ದಿನ ಕಟ್ಟು ಬದಲಿಸಿ. ನೆಂದ ಕಟ್ಟು ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು, ಹಾಗಾಗಿ ಆ ಕೋಳಿ ಅಂಗಳಕ್ಕೆ ಇಳಿಯಬಾರದು. ದೊಡ್ಡ ಬುಟ್ಟಿಯ ಕೆಳಗೆ ಒಣಹುಲ್ಲು ಹಾಸಿ, ನೀರು, ಕಾಳು ಹತ್ತಿರವೇ ಇಟ್ಟು ಮುಚ್ಚಿ. ಅದೇ ಬ್ಯಾಕ್ಟೀರಿಯಾ ನಿಮ್ಮ ಕೈಯ ಗೀರಿಗೂ ಸೋಂಕು ತರಬಲ್ಲದು: ಹಳೆಯ ಗಾಜ್ ಬಟ್ಟೆ ಒಲೆಗೆ, ಕೈಗೆ ಸೋಪು.

ಯಾವಾಗ ಆಸ್ಪತ್ರೆಗೆ

ಊತ ಕಾಲಿನ ಗಂಟಿನತ್ತ ಏರಿದರೆ, ಪಾದ ಬಿಸಿಯಾಗಿದ್ದರೆ, ಕಾಲು ನೆಲಕ್ಕೆ ಊರದಿದ್ದರೆ, ಮೇವು ಬಿಟ್ಟರೆ, ಗಾಯದಲ್ಲಿ ಹುಳ ಕಂಡರೆ, ಅಥವಾ ವಾರ ಹತ್ತು ದಿನದಲ್ಲಿ ಹುಣ್ಣು ಕಿರಿದಾಗದಿದ್ದರೆ ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ, ಶಿವಮೊಗ್ಗ ಸಮೀಪದವರಾದರೆ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ ಪುಡಿ ಮಾಡಿ ತಿನ್ನಿಸುವುದು ಬೇಡ.

ಮತ್ತೆ ಬರದಿರಲು ಗೂಡು ನೋಡಿ

ಮದ್ದು ಹಾಕಿ ಅದೇ ಗೂಡಿಗೆ ಬಿಟ್ಟರೆ ಮುಂದಿನ ತಿಂಗಳು ಅದೇ ಹುಣ್ಣು. ನಮ್ಮ ಕಡೆ ಗೂಡಿಗೆ, ಕೂರುವ ಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆಯೇ ಗತಿ. ಅಗ್ಗ, ಗಟ್ಟಿ, ಆದರೆ ಸೀಳಿದ ಅಂಚಿನ ನಾರು ಸೂಜಿಯಷ್ಟು ಚೂಪು. ಮಳೆಗೆ ನೆಂದು ಒಣಗಿದಂತೆಲ್ಲ ಹೊಸ ಸಿಬಿರು ಏಳುತ್ತದೆ. ಅಂಗೈಯಿಂದ ಅಲ್ಲ, ಹಳೆಯ ಬಟ್ಟೆಯಿಂದ ಸವರಿ ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಉಜ್ಜಿ, ಇಲ್ಲವೇ ಬದಲಿಸಿ. ಸುಮಾರು 5 ಸೆಂ.ಮೀ. ಅಗಲದ, ಅಂಚು ಉರುಟು ಮಾಡಿದ ಮರದ ರೀಪು ಒಳ್ಳೆಯದು. ಭಾರದ ತಳಿಗೆ ನೆಲದಿಂದ ಒಂದೂವರೆ ಅಡಿಗಿಂತ ಎತ್ತರ ಬೇಡ, ಇಳಿಯುವ ಜಾಗದಲ್ಲಿ ಜಂಬಿಟ್ಟಿಗೆ ಕಲ್ಲು ಇರಬಾರದು, ಅದರ ಒರಟು ಮೈ ಚರ್ಮ ಕೀಳುತ್ತದೆ.

ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು ಹಾಸಿ, ದಿನ ಬಿಟ್ಟು ದಿನ ಕೆದರಿ. ಹಿಡಿಯಲ್ಲಿ ಅದುಮಿದರೆ ಉಂಡೆ ಕಟ್ಟುವ ಹೊಟ್ಟು ಒದ್ದೆಯಾಗಿದೆ ಎಂದರ್ಥ, ತೆಗೆದು ತಿಪ್ಪೆಗೆ ಹಾಕಿ. ಎಲ್ಲಕ್ಕಿಂತ ಹೆಚ್ಚು ಒದ್ದೆ ಮಾಡುವುದು ಸೋರುವ ಚಾವಣಿಯಲ್ಲ, ಒಳಗಿಟ್ಟ ನೀರಿನ ಬಾಣಲೆ. ಅದನ್ನು ಗೂಡಿನ ಹೊರಗೆ, ಸೂರಿನಡಿ ಇಡಿ.

ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟಿದ್ದರೆ ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಎಂದು ಅಲ್ಲೇ ಕೇಳಿಕೊಂಡು ಬನ್ನಿ. ಅಷ್ಟು ದಿನ ಆ ಕೋಳಿಯ ಮೊಟ್ಟೆ ಮಾರುವುದೂ ಬೇಡ.