1950ರ ದಶಕದ ಅಮೆರಿಕದ ವಿದ್ಯಾರ್ಥಿನಿಯ ಸ್ಕ್ರ್ಯಾಪ್‌ಬುಕ್ ಓದುವುದು ಹೇಗೆ

ಮ್ಯಾಸಚೂಸೆಟ್ಸ್‌ನ ಒಂದು ಮಹಿಳಾ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ನಾನು ಎರಡು ವರ್ಷ ಸ್ವಯಂಸೇವಕಿಯಾಗಿದ್ದೆ. ಹಳೆಯ ವಿದ್ಯಾರ್ಥಿನಿಯರು ತೀರಿಕೊಂಡ ಮೇಲೆ ಮನೆಯವರು ತಂದುಕೊಡುವ ಪೆಟ್ಟಿಗೆಗಳನ್ನು ಬಿಚ್ಚಿ ಪಟ್ಟಿ ಮಾಡುವುದು ನನ್ನ ಕೆಲಸ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಒಂದು ಸ್ಕ್ರ್ಯಾಪ್‌ಬುಕ್ ಇರುತ್ತಿತ್ತು: ಕಪ್ಪು ಹಾಳೆಗಳು, ಒಣಗಿದ ಹೂಗೊಂಚಲು, ನೃತ್ಯಕೂಟದ ಆಹ್ವಾನಪತ್ರ, ಫುಟ್‌ಬಾಲ್ ಪಂದ್ಯದ ಟಿಕೆಟ್. ಮೊದಲ ನೋಟಕ್ಕೆ ಈ ಹುಡುಗಿ ನಾಲ್ಕು ವರ್ಷ ಕುಣಿದುಕೊಂಡೇ ಇದ್ದಳು ಎನಿಸುತ್ತದೆ. ದಯವಿಟ್ಟು ಹಾಗೆ ನಂಬಬೇಡಿ. ಗ್ರಂಥಾಲಯದಲ್ಲಿ ಕಳೆದ ಸಂಜೆಗೆ ಟಿಕೆಟ್ ಇರುವುದಿಲ್ಲ, ಅಂಟಿಸಲು ಬರುವುದನ್ನಷ್ಟೇ ಅವಳು ಅಂಟಿಸಿದ್ದಾಳೆ. ಅವಳ ದಿನದ ಗಂಟೆಗಳು ಎಲ್ಲಿ ಹೋದವು ಎಂದು ಹುಡುಕುತ್ತ ಓದಬೇಕು.

ಏನನ್ನೂ ಕೀಳಬೇಡಿ. ಕೈ ತೊಳೆದು ಒರೆಸಿಕೊಂಡು, ಒಂದೊಂದು ಪುಟವನ್ನೂ ತಿರುವುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಹಳದಿಗಟ್ಟಿದ ಅಂಟುಪಟ್ಟಿ ನೀವು ಮುಟ್ಟುವಾಗಲೇ ಬಿಟ್ಟುಬರಬಹುದು, ಆಮೇಲೆ ಯಾವ ಚೀಟಿ ಎಲ್ಲಿತ್ತೆಂದು ತಿಳಿಯುವುದಿಲ್ಲ. ಬರೆದುಕೊಳ್ಳಲು ಪೆನ್ಸಿಲ್ ಮಾತ್ರ ಸಾಕು.

ಮುಂದಿನದು ಕಾಲ ಗೊತ್ತುಮಾಡುವುದು. ನನಗೆ ಅತಿ ಪ್ರಿಯವಾದ ಕೆಲಸ ಇದೇ. ಮನೆಗೆ ಬರೆದ ಕಾಗದಗಳ ತಲೆಯಲ್ಲಿ ಬಹುಪಾಲು ‘ಮಂಗಳವಾರ ರಾತ್ರಿ’ ಎಂದಷ್ಟೇ ಇರುತ್ತದೆ. ಲಕೋಟೆ ಉಳಿದಿದ್ದರೆ ಅಂಚೆಮುದ್ರೆ ನೋಡಿ. ಅದು ಮಸುಕಾಗಿದ್ದರೆ ಅಂಚೆಚೀಟಿಯ ಬೆಲೆ ನೋಡಿ. ದೇಶದೊಳಗಿನ ಸಾಮಾನ್ಯ ಕಾಗದಕ್ಕೆ 1958ರ ಜುಲೈ ಕೊನೆಯವರೆಗೆ 3 ಸೆಂಟ್, ಆಗಸ್ಟ್ 1ರಿಂದ 4 ಸೆಂಟ್, 1963ರ ಜನವರಿಯಿಂದ 5 ಸೆಂಟ್. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಅದು 1963ರ ಜುಲೈಗಿಂತ ಹಿಂದಿನದಲ್ಲ. ಒಂದು ಮನೆಯವರು ಅಂಚೆಚೀಟಿ ಸಂಗ್ರಹಿಸುವ ಮೊಮ್ಮಗನಿಗೆಂದು ಲಕೋಟೆಗಳನ್ನೆಲ್ಲ ಕತ್ತರಿಸಿ ಕೊಟ್ಟಿದ್ದರು. ನನಗೆ ಇಡೀ ದಿನ ಸಂಕಟವಾಯಿತು. ಆದರೂ ಆ ಕಟ್ಟಿನ ಒಂದು ಕಾಗದ ತನ್ನ ದಿನಾಂಕವನ್ನು ತಾನೇ ಹೇಳಿತು: ‘ಮಂಗಳವಾರ. ಎಲ್ಲರೂ ರೇಡಿಯೊ ಮುಂದೆ ಕುಳಿತಿದ್ದೇವೆ. ಸ್ಟೀವನ್‌ಸನ್ ಮತ್ತೆ ಸೋತರು.’ ಅಧ್ಯಕ್ಷ ಚುನಾವಣೆಯಲ್ಲಿ ಅವರು ಐಸೆನ್‌ಹೋವರ್ ಎದುರು ಸೋತದ್ದು 1952ರಲ್ಲಿ ಮತ್ತು 1956ರಲ್ಲಿ. ‘ಮತ್ತೆ’ ಎಂದಿರುವುದರಿಂದ ಅದು 1956ರ ನವೆಂಬರ್ 6. ಅಷ್ಟು ನೊಂದು ಬರೆದ ಆ ಹುಡುಗಿಗೆ ಮತ ಹಾಕುವ ಹಕ್ಕೇ ಇರಲಿಲ್ಲ ಎಂಬುದನ್ನೂ ನೆನಪಿಡಿ. ಆಗ ಹೆಚ್ಚಿನ ರಾಜ್ಯಗಳಲ್ಲಿ ಮತದಾನದ ವಯಸ್ಸು 21. ಇನ್ನು ಫೋಟೊಗಳು: ಬಿಳಿ ಅಂಚಿನಲ್ಲಿ ತಿಂಗಳು, ವರ್ಷ ಅಚ್ಚಾಗಿದ್ದರೆ ಅದು ಫಿಲ್ಮ್ ತೊಳೆದ ತಿಂಗಳು, ಚಿತ್ರ ತೆಗೆದದ್ದಲ್ಲ. ಜನವರಿ ಎಂದಿರುವ ಚಿತ್ರದಲ್ಲಿ ಬೇಸಿಗೆಯ ಉಡುಪು ಕಂಡರೆ ಗಾಬರಿಯಾಗಬೇಡಿ.

ಆಮೇಲೆ ಕಾಲೇಜಿನ ನಿಯಮಪುಸ್ತಿಕೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹೊಸ ವಿದ್ಯಾರ್ಥಿನಿಯರಿಗೆ ಪ್ರತಿ ವರ್ಷ ಕೊಡುತ್ತಿದ್ದ ಚಿಕ್ಕ ಪುಸ್ತಕ ಅದು, ಕಾಲೇಜಿನ ಸಂಗ್ರಹದಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ. ಕಾಲೇಜು ತಂದೆತಾಯಿಯ ಸ್ಥಾನದಲ್ಲಿದೆ ಎಂಬ ನಂಬಿಕೆಯ ಮೇಲೆ ಆ ನಿಯಮಗಳು ನಿಂತಿದ್ದವು. ರಾತ್ರಿ ಇಷ್ಟು ಗಂಟೆಯೊಳಗೆ ಹಾಸ್ಟೆಲ್ ಸೇರಬೇಕು. ಹೊರಡುವಾಗ ಎಲ್ಲಿಗೆ, ಯಾರೊಂದಿಗೆ, ಮರಳುವುದು ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ಬರೆದು ಹೋಗಬೇಕು. ತಡವಾದ ನಿಮಿಷಗಳನ್ನು ಕೂಡಿಸಿಟ್ಟು, ಮಿತಿ ಮೀರಿದರೆ ವಾರಾಂತ್ಯವಿಡೀ ಹೊರಗೆ ಬಿಡದ ಶಿಕ್ಷೆ ಹಲವೆಡೆ ಇತ್ತು. ಗಂಡುಹುಡುಗರಿಗೆ ಈ ಗಡಿಯಾರ ಇರಲಿಲ್ಲ. ಈ ಪುಸ್ತಿಕೆ ಓದಿದ ಮೇಲೆ ಸ್ಕ್ರ್ಯಾಪ್‌ಬುಕ್ ಬೇರೆಯೇ ಮಾತಾಡುತ್ತದೆ. ‘ಎರಡು ನಿಮಿಷ ಉಳಿದಿತ್ತು!’ ಎಂದು ಆಹ್ವಾನಪತ್ರದ ಅಂಚಿನಲ್ಲಿ ಬರೆದದ್ದು ಓಟದ ಉಬ್ಬಸ ಎಂದು ನನಗೆ ತಿಳಿದದ್ದು ಹಾಗೆ.

ಗಂಟೆಯಷ್ಟೇ ಅಲ್ಲ, ಜಾಗವನ್ನೂ ಲೆಕ್ಕಹಾಕಿ. ಹಾರ್ವರ್ಡ್‌ನಲ್ಲಿ 1949ರಲ್ಲಿ ತೆರೆದ ಲಾಮಾಂಟ್ ಗ್ರಂಥಾಲಯದೊಳಗೆ, ಹಾರ್ವರ್ಡ್‌ಗೆ ಹೊಂದಿಕೊಂಡಿದ್ದ ಮಹಿಳಾ ಕಾಲೇಜು ರ‍್ಯಾಡ್‌ಕ್ಲಿಫ್‌ನ ವಿದ್ಯಾರ್ಥಿನಿಯರಿಗೆ ಪ್ರವೇಶ ಸಿಕ್ಕಿದ್ದು 1967ರಲ್ಲಿ. ಪಾಠ ಹೇಳುವವರು ಅದೇ ಪ್ರಾಧ್ಯಾಪಕರು, ಆದರೆ ಆ ಬಾಗಿಲು ಮಾತ್ರ ಮುಚ್ಚಿತ್ತು. ಯಾರ ಮುಖಗಳು ಚಿತ್ರದಲ್ಲಿಲ್ಲ ಎಂದೂ ನೋಡಿ. ಅಲಬಾಮ ವಿಶ್ವವಿದ್ಯಾಲಯಕ್ಕೆ 1956ರ ಫೆಬ್ರುವರಿಯಲ್ಲಿ ಬಂದ ಮೊದಲ ಕಪ್ಪು ವಿದ್ಯಾರ್ಥಿನಿ ಆಥರಿನ್ ಲೂಸಿ ಮೂರು ದಿನ ತರಗತಿಗೆ ಹೋದರು. ಗುಂಪು ದೊಂಬಿ ಎಬ್ಬಿಸಿತು, ಅಮಾನತಾದದ್ದು ಅವರು. ಆ ವರ್ಷದ ದಕ್ಷಿಣದ ಸ್ಕ್ರ್ಯಾಪ್‌ಬುಕ್ ಸಿಕ್ಕರೆ ಫೆಬ್ರುವರಿಯ ಪುಟದಲ್ಲಿ ಏನಿದೆ, ಏನಿಲ್ಲ ಎರಡನ್ನೂ ಬರೆದುಕೊಳ್ಳಿ.

ಕಾಗದಗಳಲ್ಲಿ ‘ಲಾಂಡ್ರಿ ಪೆಟ್ಟಿಗೆ’ ಎಂಬ ಮಾತು ಬಂದರೆ ಬಿಡಬೇಡಿ. ಕೊಳೆಬಟ್ಟೆಯನ್ನು ಗಟ್ಟಿ ಪೆಟ್ಟಿಗೆಯಲ್ಲಿ ತುಂಬಿ ಅಂಚೆಯಲ್ಲಿ ಮನೆಗೆ ಕಳಿಸುವುದು, ವಿಳಾಸದ ಚೀಟಿಯನ್ನು ಮಗುಚಿಹಾಕಿ ಅಮ್ಮ ಒಗೆದ ಬಟ್ಟೆಯನ್ನು ಅದರಲ್ಲೇ ಮರಳಿಸುವುದು ಆಗಿನ ರೂಢಿ. ಬಟ್ಟೆಯ ನಡುವೆ ಕುಕೀ ಇರುತ್ತಿತ್ತು. ಪೆಟ್ಟಿಗೆ ಎಷ್ಟು ದಿನಕ್ಕೊಮ್ಮೆ ಹೋಗಿಬರುತ್ತಿತ್ತು ಎಂದು ಗುರುತು ಮಾಡಿಕೊಂಡರೆ ಮನೆ ಎಷ್ಟು ಹತ್ತಿರವಿತ್ತು ಎಂದು ಗೊತ್ತಾಗುತ್ತದೆ. ಅದು ನಿಂತುಹೋದ ತಿಂಗಳಲ್ಲಿ ಏನೋ ಆಗಿರುತ್ತದೆ.

ಕೊನೆಯ ವರ್ಷದ ಪುಟಗಳು ಬೇಗ ಮುಗಿಯುತ್ತವೆ: ಉಂಗುರ, ನಿಶ್ಚಿತಾರ್ಥದ ಸುದ್ದಿಯ ಪತ್ರಿಕಾ ತುಣುಕು, ಆಮೇಲೆ ಖಾಲಿ ಹಾಳೆ. 1956ರಲ್ಲಿ ಮೊದಲ ಮದುವೆಯಾದ ಅಮೆರಿಕದ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಯ ವಯಸ್ಸು 20.1ಕ್ಕಿಂತ ಕಡಿಮೆ. ಖಾಲಿ ಹಾಳೆಗಳನ್ನೂ ಎಣಿಸಿ, ಪಟ್ಟಿಯಲ್ಲಿ ಸಂಖ್ಯೆ ಹಾಕಿ. ಪೆಟ್ಟಿಗೆ ತಂದವರು ಅದರ ಮೇಲೆ ಗಂಡನ ಹೆಸರಿಗೆ ‘ಮಿಸೆಸ್’ ಸೇರಿಸಿ ಬರೆದಿರುತ್ತಾರೆ, ಆ ಹೆಸರಿನಿಂದ ಹುಡುಕಿದರೆ ಕಾಲೇಜಿನ ಅಂಕಪಟ್ಟಿಯಲ್ಲಿ ಅವಳು ಸಿಗುವುದಿಲ್ಲ. ಹೊಸ ಚೀಟಿಯಲ್ಲಿ ಎರಡೂ ಹೆಸರು ಬರೆಯಿರಿ, ತರಗತಿಯಲ್ಲಿ ಹಾಜರಿ ಕೂಗಿದ ಹೆಸರು ಮೊದಲು ಬರಲಿ.