ಪ್ರೀತಿಯ ಕತೆಯೊಳಗೆ ನೀರಿನ ಕಾನೂನು: ಹದಿಹರೆಯದವರ ಡಿಸ್ಟೋಪಿಯಾ ಬರೆಯುವ ಕ್ರಮ

ಹದಿಹರೆಯದವರಿಗೆ ಡಿಸ್ಟೋಪಿಯಾ (ದಬ್ಬಾಳಿಕೆಯ ಕರಾಳ ಭವಿಷ್ಯದ ಕತೆ) ಕಾದಂಬರಿ ಬರೆಯುವವರು ಹೆಚ್ಚಾಗಿ ಎಡವುವುದು ಪಾಲು ಮಾಡುವಲ್ಲಿ: ಪ್ರೀತಿಗೊಂದು ಅಧ್ಯಾಯ, ವ್ಯವಸ್ಥೆಯ ಟೀಕೆಗೆ ಇನ್ನೊಂದು. ಓದುವ ಮಕ್ಕಳು ಎರಡನೆಯದನ್ನು ಹಾರಿಸಿಬಿಡುತ್ತಾರೆ. ಎರಡೂ ಒಂದೇ ದೃಶ್ಯದಲ್ಲಿ ನಡೆಯಬೇಕು.

ಮೊದಲು ಒಂದು ಕಾನೂನು ಆರಿಸಿ. ಒಂದೇ ಸಾಕು. ಅದು ಊರಿನಲ್ಲಿ ಈಗಾಗಲೇ ಇರುವ ಕಷ್ಟದಿಂದ ಹುಟ್ಟಲಿ. ಮಂಗಳೂರಿಗೆ ನೀರು ಬರುವುದು ತುಂಬೆಯ ಕಿಂಡಿ ಅಣೆಕಟ್ಟಿನಿಂದ. ನೇತ್ರಾವತಿ ಸೊರಗಿದರೆ ರೇಷನಿಂಗ್. 2019ರ ಬೇಸಿಗೆಯಲ್ಲಿ ನಗರ ಅದನ್ನು ಅನುಭವಿಸಿದೆ. ಇದನ್ನೇ ಐವತ್ತು ವರ್ಷ ಮುಂದಕ್ಕೆ ಎಳೆಯಿರಿ: ಒಂದು ವಾರ್ಡಿನ ನೀರನ್ನು ಇನ್ನೊಂದಕ್ಕೆ ದಾಟಿಸಿದರೆ ಶಿಕ್ಷೆ.

ಪ್ರೇಮಿಗಳನ್ನು ಆ ಕಾನೂನಿನ ಆಚೆ ಈಚೆ ನಿಲ್ಲಿಸಿ. ಹುಡುಗಿ ನದಿಯಾಚೆಯ ಮೀನುಗಾರರ ಬೆಂಗ್ರೆಯವಳು, ಹುಡುಗ ನಗರದೊಳಗಿನ ಕದ್ರಿಯವನು, ಇಬ್ಬರಿಗೂ 17. ಬಂದರಿನಿಂದ ಬೆಂಗ್ರೆಗೆ ಹೊರಟ ಫೆರಿಯಲ್ಲಿ ಅವನು ನೀರಿನ ಬಾಟಲಿ ಕೊಡುತ್ತಾನೆ. ಅವಳು ಕುಡಿಯುವುದಿಲ್ಲ, ಮುಚ್ಚಳ ಬಿಗಿ ಮಾಡಿ, ತಮ್ಮನಿಗೆಂದು ಚೀಲದೊಳಗೆ ಇಡುತ್ತಾಳೆ.

“ನಿಮ್ಮಲ್ಲಿ ನೀರು ಎಷ್ಟು ಹೊತ್ತು ಬರ್ತದೆ?”

“ಯಾವಾಗ್ಲೂ ಉಂಟಲ್ಲ!”

ಅವಳು ಮುಖ ತಿರುಗಿಸುತ್ತಾಳೆ. ಅಲ್ಲಿಗೆ ನಿಲ್ಲಿಸಿ. ‘ಅಸಮಾನತೆ’ ಎಂಬ ಪದ ಬಂದ ಕೂಡಲೇ ದೃಶ್ಯ ವಾಚ್ಯವಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದಂತಾಗುತ್ತದೆ.

60,000 ಪದ, 30 ಅಧ್ಯಾಯ ಎಂದಿಟ್ಟುಕೊಂಡರೆ, ಮೊದಲ 1,000 ಪದಗಳೊಳಗೆ ಕಾನೂನು ಯಾರನ್ನಾದರೂ ನೋಯಿಸಲಿ. ಮೂರನೇ ಅಧ್ಯಾಯದೊಳಗೆ ಭೇಟಿ. ಹದಿನೈದರ ಹೊತ್ತಿಗೆ ಪ್ರೀತಿಯಿಂದಲೇ ಒಂದು ನಷ್ಟ: ಬಾಟಲಿ ಸಿಕ್ಕಿಬೀಳುತ್ತದೆ, ಅವನ ಮನೆಯವರು ದಂಡ ಕಟ್ಟಿ ಮುಗಿಸುತ್ತಾರೆ, ಅವಳ ಅಪ್ಪನ ದೋಣಿ ಜಪ್ತಿಯಾಗುತ್ತದೆ. ತಪ್ಪು ಒಂದೇ, ಬೆಲೆ ಬೇರೆ. ನಿಮ್ಮ ಟೀಕೆಯೆಲ್ಲ ಈ ವ್ಯತ್ಯಾಸದಲ್ಲೇ ಕೂತಿರುತ್ತದೆ. ಇಲ್ಲಿಂದ ಮುಂದೆ ಅವನು ಕೇಳುವ ಕ್ಷಮೆ, ಅವಳ ಸಿಟ್ಟು ಎರಡಕ್ಕೂ ತೂಕ ಬರುತ್ತದೆ.

ಕರಡು ಮುಗಿದ ಮೇಲೆ ಪ್ರೀತಿಯ ಸಾಲುಗಳಿಗೆ ಕೆಂಪು, ಕಾನೂನಿನ ಸಾಲುಗಳಿಗೆ ನೀಲಿ ಗೆರೆ ಎಳೆಯಿರಿ. ಸತತ ಮೂರು ಪುಟ ಒಂದೇ ಬಣ್ಣವಿದ್ದರೆ ತಿದ್ದಬೇಕು. ಕೆಂಪು ದೃಶ್ಯದಿಂದ ಕಾನೂನನ್ನು ತೆಗೆದು ಓದಿ. ಏನೂ ಬದಲಾಗದಿದ್ದರೆ ಆ ದೃಶ್ಯ ಯಾವ ಕಾಲೇಜು ಪ್ರೇಮಕತೆಗೂ ಹೊಂದುತ್ತದೆ, ಹೊಸದಾಗಿ ಬರೆಯಿರಿ. ನೀಲಿ ಮಾತ್ರ ಇರುವಲ್ಲಿ ಸಾಮಾನ್ಯವಾಗಿ ಒಬ್ಬ ಹಿರಿಯ ಪಾತ್ರ ಭಾಷಣ ಮಾಡುತ್ತಿರುತ್ತದೆ. ಎರಡು ವಾಕ್ಯ ಉಳಿಸಿ, ಮಿಕ್ಕದ್ದನ್ನು ಹೊಡೆದುಹಾಕಿ.

ಕೊನೆಯಲ್ಲಿ ಇಬ್ಬರೂ ಒಂದಾದದ್ದಕ್ಕೇ ಸರಕಾರ ಉರುಳಬಾರದು. ಕಾನೂನು ಹಾಗೆಯೇ ಉಳಿದರೂ ಸರಿ, ಫೆರಿಯಲ್ಲಿ ಈ ಸಲ ಬೇರೆ ಯಾರೋ ಅಪರಿಚಿತರು ಅವಳತ್ತ ಬಾಟಲಿ ಚಾಚಲಿ.