ಕೊಪ್ಪಳದಿಂದ ಕಡಲಿಗೆ: ಮನೆಮಂದಿ ಕಟ್ಟಿಕೊಂಡು ಗಾಳ ಹಾಕಲು ಹೊರಟವರಿಗೆ

ತುಂಗಭದ್ರಾ ಹಿನ್ನೀರಿನಲ್ಲಿ ಕಾಟ್ಲಾ, ರೋಹು ಎಳೆದ ಕೈಗೆ ಒಮ್ಮೆ ಕಡಲಿಗೂ ಗಾಳ ಬಿಡಬೇಕೆನ್ನಿಸುವುದು ಸಹಜ. ಆದರೆ ಡ್ಯಾಮಿನ ದಂಡೆಯ ಮೇಲೆ ಕಲಿತದ್ದರಲ್ಲಿ ಅರ್ಧ ದೋಣಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಲವಂತೂ ಕೈ ಕೊಯ್ಯುತ್ತವೆ. ದೂರ ಹೋದಷ್ಟೂ ಮೀನು ಎಂಬ ಲೆಕ್ಕವನ್ನು ಮೊದಲು ಬಿಡಿ. ಕಾರವಾರ, ಮುರ್ಡೇಶ್ವರದ ಕಡೆ ದಡದಿಂದ 10–15 ಕಿ.ಮೀ. ಒಳಗೆ, 20–30 ಮೀಟರ್ ಆಳದಲ್ಲಿ, ತಳದಲ್ಲಿ ಬಂಡೆಯಿರುವ ಜಾಗ ಸಿಕ್ಕರೆ ಮನೆಮಂದಿಗೆ ಅಷ್ಟು ಸಾಕು. ಟ್ರಾಲರಿನವರು ದಿನಗಟ್ಟಲೆ ಹೋಗಿ ಬರುವ ದೂರ ಹೆಂಗಸರು ಮಕ್ಕಳಿರುವ ಗುಂಪಿಗೆ ಬೇಡ.

ಯಾವಾಗ ಹೊರಡಬೇಕು

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಿಷೇಧ ಇರದಿದ್ದರೂ ಅಲೆಯ ಅಬ್ಬರ ಇಳಿದಿರುವುದಿಲ್ಲ. ನವೆಂಬರಿನಿಂದ ಫೆಬ್ರುವರಿವರೆಗಿನದು ಒಳ್ಳೆಯ ಕಾಲ. ಆಗಲೂ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ದಿನವೂ ಪ್ರಕಟಿಸುವ ಅಲೆಯ ಮುನ್ಸೂಚನೆ ನೋಡಿಯೇ ಹೊರಡಿ. ಅಲೆ ಒಂದೂವರೆ ಮೀಟರ್ ದಾಟುತ್ತದೆ ಎಂದಿದ್ದರೆ, ಮುಂಗಡ ಕೊಟ್ಟಾಗಿದ್ದರೂ ಬಿಟ್ಟುಬಿಡಿ.

ದೋಣಿ ಬೆಳಿಗ್ಗೆ ಆರಕ್ಕೆ ಬಿಡಬೇಕು, ಹನ್ನೆರಡರೊಳಗೆ ದಡ ಸೇರಬೇಕು. ರಾತ್ರಿ ತಣ್ಣಗಾದ ನೆಲದಿಂದ ಕಡಲ ಕಡೆಗೆ ಗಾಳಿ ಮೆಲ್ಲಗೆ ಬೀಸುವಾಗ ದಡದ ಹತ್ತಿರದ ನೀರು ಸಮನಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ತಿರುಗಿ ಕಡಲಿನಿಂದ ಜೋರಾಗಿ ಬೀಸತೊಡಗುತ್ತದೆ. ಹತ್ತಕ್ಕೆ ಹೊರಟ ಗುಂಪು ಮೀನು ಕಚ್ಚುವ ಹೊತ್ತು ತಪ್ಪಿಸಿಕೊಂಡು ಅಲೆಯ ಹೊತ್ತಿಗೆ ಸರಿಯಾಗಿ ಸಿಗುತ್ತದೆ.

ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಕೊಪ್ಪಳದಿಂದ ಕಾರವಾರಕ್ಕೆ ಆರೇಳು ಗಂಟೆ. ರಾಯಚೂರಿನವರಿಗೆ ಇನ್ನೂ ಮೂರು ಗಂಟೆಗೂ ಹೆಚ್ಚು. ಹಿಂದಿನ ಸಂಜೆಯೇ ತಲುಪಿ ಮಲಗಿ. ರಾತ್ರಿಯೆಲ್ಲ ಅರಬೈಲು ಘಟ್ಟ ಇಳಿದು, ನಿದ್ದೆಗೆಟ್ಟು ನೇರ ದೋಣಿ ಹತ್ತಿದವರು ಮೊದಲ ಗಂಟೆಯಲ್ಲೇ ಮಲಗಿಬಿಡುತ್ತಾರೆ.

ದೋಣಿ ಗೊತ್ತು ಮಾಡುವಾಗ

ಮೀನುಗಾರಿಕೆ ದೋಣಿಯ ನೋಂದಣಿ ಮೀನು ಹಿಡಿಯಲು, ಜನರನ್ನು ಒಯ್ಯಲು ಅಲ್ಲ. ಪ್ರವಾಸಿಗರನ್ನು ಕರೆದೊಯ್ಯುವ ಪರವಾನಗಿ ಇದೆಯೇ, ಎಷ್ಟು ಜನಕ್ಕೆ ಎಂದು ಕೇಳಿ, ಕಾಗದ ನೋಡಿ. ಎಲ್ಲರ ಆಧಾರ್ ಜೊತೆಗಿರಲಿ. ವಿಎಚ್‌ಎಫ್ ರೇಡಿಯೊ ಸೆಟ್ ಕೆಲಸ ಮಾಡುತ್ತದೆಯೇ ಎಂದು ದಡದಲ್ಲೇ ಹಚ್ಚಿ ತೋರಿಸಲು ಹೇಳಿ, ಏಕೆಂದರೆ ಒಳಗೆ ಹೋದಂತೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಆಪತ್ತಿಗೆ ಚಾನೆಲ್ 16. ಫೋನ್ ಸಿಕ್ಕರೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಎಣ್ಣೆಯ ಲೆಕ್ಕ ಸರಳ: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಇಡಲು ಒಂದು ಪಾಲು.

ಲೈಫ್ ಜಾಕೆಟ್ ಇದೆ ಎಂದರೆ ಮುಗಿಯಲಿಲ್ಲ. ತೊಟ್ಟು, ಪಟ್ಟಿ ಬಿಗಿದ ಮೇಲೆ ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ನೀರಿನಲ್ಲೂ ಹಾಗೆಯೇ ಜಾರುತ್ತದೆ, ಮುಖ ಒಳಗೇ ಉಳಿಯುತ್ತದೆ. ಮಕ್ಕಳಿಗೆ ಅವರ ತೂಕಕ್ಕೆ ತಕ್ಕದ್ದು, ಕಾಲ ಸಂದಿನಿಂದ ಪಟ್ಟಿ ಬರುವಂಥದ್ದೇ ಬೇಕು. ದೊಡ್ಡವರದನ್ನು ಬಿಗಿದು ಕಟ್ಟುವ ಉಪಾಯ ಬೇಡ. ಐದು ವರ್ಷದೊಳಗಿನ ಕೂಸುಗಳು, ಬಸುರಿಯರು, ಬೆನ್ನುನೋವಿನವರು ದಡದಲ್ಲೇ ಇರುವುದು ಲೇಸು.

ದೋಣಿಯಲ್ಲಿ ತಾಂಡೇಲರ (ದೋಣಿ ನಡೆಸುವ ಮುಖ್ಯಸ್ಥರ) ಮಾತೇ ಕಡೆಯ ಮಾತು. ಅವರು ವಾಪಸ್ ಎಂದರೆ ವಾಪಸ್. ಆದರೂ ಒಂದನ್ನು ಗಮನಿಸಿ: ಲಂಗರು ಮುಂಭಾಗದಿಂದಲೇ ಬೀಳಬೇಕು, ಹಗ್ಗ ಆಳದ ಮೂರರಿಂದ ಐದು ಪಟ್ಟು ಇರಬೇಕು. ಹಿಂಭಾಗಕ್ಕೆ ಕಟ್ಟಿದರೆ ತಗ್ಗಿನ ಆ ಕಡೆಯಿಂದ ಅಲೆ ಒಳಗೆ ನುಗ್ಗುತ್ತದೆ.

ವಾಂತಿಯ ವಿಚಾರ

ನೆಲ ಅಲುಗುತ್ತಿದೆ ಎಂದು ಒಳಗಿವಿ ಹೇಳುತ್ತದೆ, ಇಲ್ಲ ಎಂದು ದೋಣಿಯ ಹಲಗೆ ನೋಡುವ ಕಣ್ಣು ಹೇಳುತ್ತದೆ. ಈ ಜಗಳವೇ ಹೊಟ್ಟೆ ತೊಳೆಸುವುದಕ್ಕೆ ಕಾರಣ. ಆದ್ದರಿಂದ ಬಾನಂಚನ್ನೋ ದೂರದ ಗುಡ್ಡವನ್ನೋ ನೋಡುತ್ತ ಕೂರಿ. ಜಾಗ ದೋಣಿಯ ನಡುವೆ, ಹೊಗೆ ಬರದ ಕಡೆ. ಮೊಬೈಲ್ ಜೇಬಿನಲ್ಲಿ. ಅವೋಮಿನ್‌ನಂಥ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹಿಂದಿನ ರಾತ್ರಿಯೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇದು ನಿದ್ದೆ ಬರಿಸುವ ಔಷಧ, ಮದ್ಯದ ಜೊತೆ ಸೇರಲೇಬಾರದು.

ಬೆಳಗಿನ ತಿಂಡಿಗೆ ನಮ್ಮ ಕಡೆಯ ಒಗ್ಗರಣಿ-ಮಿರ್ಚಿ ಆ ಒಂದು ದಿನ ಬೇಡ. ಎರಡು ಇಡ್ಲಿ, ಬಾಳೆಹಣ್ಣು ಸಾಕು. ಖಾಲಿ ಹೊಟ್ಟೆಯೂ ಅಷ್ಟೇ ಕೆಟ್ಟದ್ದು. ತಲೆಗೆ ಮೂರು ಲೀಟರ್ ನೀರು ಇರಲಿ.

ಗಾಳ ಕಟ್ಟುವುದು, ಬಿಡುವುದು

ದಾರ 30–40 ಪೌಂಡ್ ತಾಳುವಂಥದ್ದು. ಅದರ ತುದಿಗೆ ಒಂದು ಮೀಟರ್ ಉದ್ದದ ದಪ್ಪ ನೈಲಾನ್. ಅಡಿಯಲ್ಲಿ 100–150 ಗ್ರಾಂ ಸೀಸದ ಗುಂಡು, ಅದರ ಮೇಲೆ ಒಂದಡಿಗೊಂದರಂತೆ ಎರಡು ಕೊಕ್ಕೆ. ಗುಂಡನ್ನು ಮಾತ್ರ ತೆಳು ದಾರದಿಂದ ಕಟ್ಟಿ: ಬಂಡೆಗೆ ಸಿಕ್ಕಿದಾಗ ಗುಂಡು ಕಿತ್ತುಹೋಗುತ್ತದೆ, ಕೊಕ್ಕೆ-ಮೀನು ಉಳಿಯುತ್ತವೆ. ಅಂಜಲ್ (ಸೀರ್ ಮೀನು), ಬರ್ರಾಕುಡಾದಂಥ ಚೂಪು ಹಲ್ಲಿನ ಮೀನು ಓಡಾಡುವಲ್ಲಿ ಕೊಕ್ಕೆಯ ಮೇಲೆ ಗೇಣುದ್ದ ತಂತಿ ಬೇಕು. ನೈಲಾನನ್ನು ಅವುಗಳ ಹಲ್ಲು ಕತ್ತರಿಸಿ ಹಾಕುತ್ತದೆ. ಎರೆಹುಳ, ಹಿಟ್ಟಿನ ಉಂಡೆ ಮನೆಯಲ್ಲೇ ಇರಲಿ. ಸಿಗಡಿ, ಬೂತಾಯಿ (ಸಾರ್ಡಿನ್) ತುಂಡು, ಬೊಂಡಾಸ (ಸ್ಕ್ವಿಡ್) ಇಲ್ಲಿಯ ಎರೆ. ಬೊಂಡಾಸ ಗಟ್ಟಿ, ಸಣ್ಣ ಮೀನು ಕುಕ್ಕಿ ಒಯ್ಯಲಾರದು.

ಒಂದೇ ಪಕ್ಕದಿಂದ ಐದಾರು ಜನ ಗಾಳ ಬಿಟ್ಟಾಗ ದಾರಗಳು ಹೆಣೆದುಕೊಳ್ಳುವುದೇ ದೊಡ್ಡ ತಲೆನೋವು. ಒಬ್ಬರ ಗುಂಡು 60 ಗ್ರಾಂ, ಇನ್ನೊಬ್ಬರದು 150 ಆಗಿದ್ದರೆ ಸೆಳವಿನಲ್ಲಿ ಹಗುರದ್ದು ಓರೆಯಾಗಿ ತೇಲಿ ಪಕ್ಕದವರ ದಾರಕ್ಕೆ ಸುತ್ತುತ್ತದೆ. ಎಲ್ಲರಿಗೂ ಒಂದೇ ತೂಕ ಹಂಚಿ. ಗುಂಡು ತಳ ಮುಟ್ಟಿ ದಾರ ಸಡಿಲವಾದ ಕೂಡಲೇ ರೀಲ್ ಎರಡು ಸುತ್ತು ಸುತ್ತಿ.

ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಬಳಸಿದರೆ ಡ್ಯಾಮಿನಲ್ಲಿ ಮಾಡುವಂತೆ ಝಾಡಿಸಿ ಎಳೆಯಬೇಡಿ. ಕೋಲು ತಾನಾಗಿ ಬಾಗುವವರೆಗೆ ಕಾಯ್ದು ನಿಧಾನ ಸುತ್ತಿದರೆ ಕೊಕ್ಕೆ ಬಾಯಿಯ ಮೂಲೆಯಲ್ಲಿ ತಾನೇ ಕಚ್ಚಿಕೊಳ್ಳುತ್ತದೆ. ಝಾಡಿಸಿದರೆ ಹೊರಗೆ ಬಂದುಬಿಡುತ್ತದೆ. ದಾರವನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸ ಇದ್ದವರಿಗೆ ಮೊದಲೇ ಬೈದು ಹೇಳಿ. ಐದು ಕೆ.ಜಿ. ಮೀನು ಒಮ್ಮೆ ಧುಮುಕಿದರೂ ಬೆರಳು ಎಲುಬಿನವರೆಗೆ ಕೊಯ್ಯುತ್ತದೆ.

ಬೆಕ್ಕುಮೀನಿನ ಬೆನ್ನು-ಪಕ್ಕೆಯ ಮುಳ್ಳು, ತೊರಕೆಯ (ಸ್ಟಿಂಗ್ ರೇ) ಬಾಲದ ಮುಳ್ಳು ವಿಷದವು. ಇಕ್ಕಳ ಬಿಟ್ಟು ಬರಿಗೈಯಲ್ಲಿ ಮುಟ್ಟಬೇಡಿ. ಚುಚ್ಚಿದರೆ ತಾಳಬಲ್ಲಷ್ಟು ಬಿಸಿ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಅದ್ದಿಟ್ಟರೆ ನೋವು ಇಳಿಯುತ್ತದೆ. ಅದಕ್ಕೇ ಒಂದು ಫ್ಲಾಸ್ಕ್ ಬಿಸಿನೀರು ಬೇಕು. ನೀರಿನ ಬಿಸಿಯನ್ನು ಚುಚ್ಚದ ಕೈಯಿಂದ ನೋಡಿ, ದಡ ಸೇರಿದ ಮೇಲೆ ಆಸ್ಪತ್ರೆಗೆ ಹೋಗಿ. ಚೆಂಡಿನಂತೆ ಉಬ್ಬುವ ಮೀನನ್ನು ತಿನ್ನಬಾರದು. ಕಡಲಾಮೆ ಸಿಕ್ಕರೆ ಬಿಡಿಸಿ ನೀರಿಗೆ ಬಿಡುವುದು ಕಾನೂನು.

ಊರಿಗೆ ತರುವುದು

ಬಂದರಿನ ಐಸ್ ಫ್ಯಾಕ್ಟರಿಯಿಂದ ಪುಡಿ ಐಸ್ ಮೊದಲೇ ಒಯ್ಯಿರಿ: ಕೆ.ಜಿ. ಮೀನಿಗೆ ಕೆ.ಜಿ. ಐಸ್. ಮೀನು ಸಿಕ್ಕ ತಕ್ಷಣ ಐಸಿಗೆ ಸೇರಬೇಕು, ಹಲಗೆಯ ಮೇಲೆ ಫೋಟೊಕ್ಕೆ ಮಲಗಿಸಿಡುವಂತಿಲ್ಲ. ದಡದಲ್ಲಿ ಕರುಳು, ಕಿವಿರು ತೆಗೆಸಿ, ಹೊಟ್ಟೆಯೊಳಗೂ ಐಸ್ ತುಂಬಿ ಥರ್ಮೊಕೋಲ್ ಡಬ್ಬಿಗೆ ಹಾಕಿ, ಕರಗಿದ ನೀರು ಹರಿದುಹೋಗಲು ಅಡಿಯಲ್ಲಿ ತೂತು ಬಿಡಿ. ಆ ನೀರಿನಲ್ಲೇ ನೆನೆದ ಮೀನು ಮೆತ್ತಗಾಗುತ್ತದೆ. ಡಬ್ಬಿ ಕ್ಯಾರಿಯರ್ ಮೇಲೆ ಬೇಡ, ಎಸಿ ಇರುವ ಕಾರಿನೊಳಗೆ, ಕೆಳಗೊಂದು ಟ್ರೇ ಇಟ್ಟು ಇರಲಿ. ಹುಬ್ಬಳ್ಳಿಯಲ್ಲಿ ಮುಚ್ಚಳ ತೆರೆದು ಐಸ್ ತುಂಬಿಸಿಕೊಳ್ಳಿ.

ಬಂಗುಡೆ, ಕೇದಾರ (ಟ್ಯೂನಾ) ಇದ್ದರೆ ಎರಡರಷ್ಟು ಎಚ್ಚರ. ಬಿಸಿಲಿಗೆ ಬಿದ್ದ ಈ ಮೀನುಗಳಲ್ಲಿ ಹಿಸ್ಟಮಿನ್ ಎಂಬ ನಂಜು ಬೆಳೆಯುತ್ತದೆ, ವಾಸನೆಯಿಂದ ಗೊತ್ತಾಗದೆಯೂ ಇರಬಹುದು. ತಿನ್ನುವಾಗ ಖಾರದ್ದಲ್ಲದ ಚುರುಚುರು ನಾಲಿಗೆಗೆ ತಗಲಿದರೆ, ಮುಖ ಕೆಂಪೇರಿ ಕಾದರೆ, ತಟ್ಟೆ ಬಿಟ್ಟೆದ್ದು ಡಾಕ್ಟರ ಬಳಿ ಹೋಗಿ. ಎಷ್ಟು ಕುದಿಸಿದರೂ, ಎಷ್ಟು ಹುಣಸೆಹುಳಿ ಹಿಂಡಿದರೂ ಅದು ಹೋಗುವುದಿಲ್ಲ.